ಹೊಗೆ ಎಲ್ಲಿಗೆ ಹೋಯಿತು: ನಾರ್ಡಿಕ್ ಪುರಾಣದ ಕಥೆಯೊಂದನ್ನು ಓದಿಸಿದ ಹತ್ತು ತಿಂಗಳು

ಕಳೆದ ವಾರ ನನ್ನ ಕಿರುಕಾದಂಬರಿಯ ನಾಲ್ಕನೆಯ ಕರಡನ್ನು ಮುಗಿಸಿ ಮೇಜಿನ ಮೇಲಿಟ್ಟೆ. ಕ್ರಿ.ಶ. 1000ರ ಸುಮಾರಿಗೆ ಐಸ್‌ಲ್ಯಾಂಡಿನ ಜನರು ಹಳೆಯ ದೇವರುಗಳನ್ನು ಬಿಟ್ಟು ಕ್ರೈಸ್ತ ಧರ್ಮಕ್ಕೆ ಹೊರಳಿದ ಕಾಲದಲ್ಲಿ, ತನ್ನ ವಿದ್ಯೆಯನ್ನು ಯಾರಿಗೆ ಒಪ್ಪಿಸಬೇಕೆಂದು ತೋಚದೆ ಉಳಿದ ಒಬ್ಬ ಕಣಿ ಹೇಳುವ ಮುದುಕಿಯ ಕಥೆ ಅದು. ಬರೆಯುವುದಕ್ಕೆ ಒಂದೂವರೆ ವರ್ಷ ಹಿಡಿದರೆ, ಅದನ್ನು ಬೇರೆಯವರಿಂದ ಓದಿಸಿ, ಅವರ ಬರಹಗಳನ್ನು ನಾನು ಓದಿ, ಅಭಿಪ್ರಾಯಗಳನ್ನು ಕೊಟ್ಟು ತೆಗೆದುಕೊಂಡು ಮುಗಿಸುವುದಕ್ಕೆ ಮತ್ತೆ ಹತ್ತು ತಿಂಗಳು ಬೇಕಾಯಿತು. ಇಂಥದೇ ವಸ್ತುವನ್ನು ಕೈಗೆತ್ತಿಕೊಳ್ಳಬೇಕೆಂದು ನನ್ನಲ್ಲಿ ವಿಚಾರಿಸಿದ ಸ್ನೇಹಿತರಿಗಾಗಿ, ಮತ್ತು ಮುಂದೆ ಈ ದಾರಿ ಹಿಡಿಯುವವರಿಗಾಗಿ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ನಾನು ತೀರ್ಥಹಳ್ಳಿಯ ಕಡೆಯವಳು. ಎಂಟು ವರ್ಷಗಳಿಂದ ಸ್ವೀಡನ್ನಿನ ಉಪ್ಸಾಲಾದಲ್ಲಿದ್ದೇನೆ. ಪೇಟೆಯಿಂದ ನಾಲ್ಕೈದು ಕಿಲೋಮೀಟರ್ ಉತ್ತರಕ್ಕೆ ಹಳೆಯ ಉಪ್ಸಾಲಾ ಇದೆ. ಸುಮಾರು ಆರನೆಯ ಶತಮಾನದ ಮೂರು ದೊಡ್ಡ ಸಮಾಧಿ ದಿಬ್ಬಗಳು ಅಲ್ಲಿ ಹುಲ್ಲು ಹೊದ್ದು ಸಾಲಾಗಿ ನಿಂತಿವೆ. ಇಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಐಸ್‌ಲ್ಯಾಂಡಿನ ಲೇಖಕ ಸ್ನೊರ್ರಿ ಸ್ಟುರ್ಲುಸನ್ ಹಳೆಯ ದೇವರುಗಳ ಕಥೆಗಳನ್ನು ಹೇಳಿದ ಎಡ್ಡಾ ಎಂಬ ಗ್ರಂಥದ, ಹದಿನಾಲ್ಕನೆಯ ಶತಮಾನದ ಆರಂಭದ ಹಸ್ತಪ್ರತಿಯೊಂದಿದೆ. ವಿಶ್ವವಿದ್ಯಾಲಯದ ಮುಂದಿನ ತೋಟದಲ್ಲಿ ಇಲ್ಲಿನ ಹಳೆಯ ಲಿಪಿಯಾದ ರೂನ್ ಅಕ್ಷರಗಳನ್ನು ಕೊರೆದ ಕಲ್ಲುಗಳ ಪಕ್ಕದಲ್ಲೇ ದಿನವೂ ಹಾದುಹೋಗುತ್ತೇನೆ. ಇವೆಲ್ಲ ಕಣ್ಣೆದುರಿಗೇ ಇದ್ದುದರಿಂದ ವಸ್ತು ನನಗೆ ಗೊತ್ತಿದೆ ಎಂಬ ನಂಬಿಕೆ ಬೆಳೆದಿತ್ತು. ನನ್ನ ಹೆಚ್ಚಿನ ತಪ್ಪುಗಳು ಆ ನಂಬಿಕೆಯಿಂದಲೇ ಹುಟ್ಟಿದವು ಎಂಬುದು ತಿಳಿದದ್ದು ಬಹಳ ತಡವಾಗಿ.

ಕಥೆಯನ್ನು ಬರೆದದ್ದು ಕನ್ನಡದಲ್ಲಿ. ಇಲ್ಲಿನವರು ಓದಬೇಕಾದರೆ ಇಂಗ್ಲಿಷಿಗೆ ತರಲೇಬೇಕು. ಆ ಕೆಲಸಕ್ಕೇ ಎರಡು ತಿಂಗಳು ಹೋಯಿತು. ಆಮೇಲೆ, ಹಣ ಪಡೆದು ಹಸ್ತಪ್ರತಿ ಓದಿ ವರದಿ ಬರೆದುಕೊಡುವ ವೃತ್ತಿಪರ ಓದುಗರೊಬ್ಬರನ್ನು ಹಿಡಿದೆ; ಇವರನ್ನು ಇಲ್ಲಿ ಲೆಕ್ತೋರ್ ಎನ್ನುತ್ತಾರೆ. ಅವರಿಗೆ ಆರು ಸಾವಿರ ಕ್ರೋನಾ ಕೊಟ್ಟೆ. ಮೂರು ವಾರವೆಂದಿದ್ದರು, ಏಳು ವಾರವಾಯಿತು. ಕೊನೆಗೆ ಬಂದ ಮೂರು ಪುಟಗಳಲ್ಲಿ ಕಥೆಯ ಓಟ, ಅಧ್ಯಾಯಗಳ ಉದ್ದ, ಇನ್ನಷ್ಟು ಯುದ್ಧ ಸೇರಿಸಬಹುದೆಂಬ ಸಲಹೆ ಇದ್ದವೇ ಹೊರತು ಕಥೆಯ ಕಾಲ ಮತ್ತು ಲೋಕದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ಅವರ ತಪ್ಪೆಂದು ಈಗ ನಾನು ಹೇಳಲಾರೆ, ಏಕೆಂದರೆ ನಾನು ಕೇಳಿಯೇ ಇರಲಿಲ್ಲ. ಪೌರಾಣಿಕ ವಸ್ತುವಿನ ಕಥೆಗೆ ಎರಡು ಬೇರೆ ಬೇರೆ ಓದು ಬೇಕು. ಒಂದು ಕಥೆಯನ್ನು ನೋಡುವ ಓದು, ಇನ್ನೊಂದು ಆ ಲೋಕವನ್ನು ಬಲ್ಲವರ ಓದು. ಹಣ ಕೊಡುವ ಮೊದಲೇ ಯಾವುದು ಬೇಕೆಂದು ಲಿಖಿತವಾಗಿ ತಿಳಿಸಿದರೆ ಒಳ್ಳೆಯದು.

ಸೆಪ್ಟೆಂಬರಿನಲ್ಲಿ ನಾಲ್ವರ ಗುಂಪೊಂದು ಕೂಡಿತು. ಸ್ವೀಡನ್ನಿನಲ್ಲಿ ಹತ್ತಾರು ಜನ ಸೇರಿ ಒಂದು ವಿಷಯವನ್ನು ಓದಿ ಚರ್ಚಿಸುವ ಅಧ್ಯಯನ ವೃತ್ತಗಳ ಹಳೆಯ ಸಂಪ್ರದಾಯವಿದೆ. ಅಂಥ ಒಂದು ವೃತ್ತದಲ್ಲಿ ಇವರ ಪರಿಚಯವಾಗಿತ್ತು. ಐಸ್‌ಲ್ಯಾಂಡಿನಲ್ಲಿ ಹುಟ್ಟಿ ಇಲ್ಲಿ ನೆಲೆಸಿರುವ ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ ಒಬ್ಬರು, ಲೋಕದ ಅಂತ್ಯವಾದ ರಾಗ್ನರೋಕ್ ಕುರಿತು ಕಾದಂಬರಿ ಬರೆಯುತ್ತಿದ್ದ ಸ್ವೀಡಿಷ್ ಯುವಕ ಒಬ್ಬ, ಉತ್ತರ ನಾರ್ವೆಯ ಟ್ರೊಮ್ಸೋದಿಂದ ಅಂಚೆಯ ಮೂಲಕ ಪುಟಗಳನ್ನು ಕಳಿಸುತ್ತಿದ್ದ ಎಂಜಿನಿಯರ್ ಒಬ್ಬರು, ಮತ್ತು ನಾನು. ಶಿಕ್ಷಕಿಯನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಐಸ್‌ಲ್ಯಾಂಡಿನಲ್ಲಿ ರಾಷ್ಟ್ರಾಧ್ಯಕ್ಷರನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ, ತಂದೆಯ ಹೆಸರಿಗೆ ಮಗ ಅಥವಾ ಮಗಳು ಎಂದು ಸೇರಿಸಿದ್ದು ಮನೆತನದ ಹೆಸರಲ್ಲ ಎಂದು ಅವರೇ ವಿವರಿಸಿದರು. ಆದರೂ ಅಭ್ಯಾಸವಾಗುವುದಕ್ಕೆ ತಿಂಗಳುಗಳೇ ಬೇಕಾದವು.

ಮೊದಲ ಭೇಟಿಯಲ್ಲೇ ಒಂದು ಪುಟದ ಒಪ್ಪಂದ ಬರೆದುಕೊಂಡೆವು. ಒಂದು ಸಲಕ್ಕೆ ಮೂವತ್ತು ಪುಟಗಳು, ಓದಲು ಮೂರು ವಾರ, ಗುಂಪಿನಾಚೆ ಯಾರಿಗೂ ಹಸ್ತಪ್ರತಿ ಕೊಡಕೂಡದು, ಟಿಪ್ಪಣಿ ಬರೆಯುವವರು ತಮಗೆ ಯಾವ ಗ್ರಂಥದಿಂದ ಆ ವಿಷಯ ತಿಳಿದಿದೆ ಎಂಬುದನ್ನು ಹೇಳಲೇಬೇಕು. ಈ ಕೊನೆಯ ಷರತ್ತು ಶಿಕ್ಷಕಿಯದು. ನಮ್ಮ ತಕರಾರುಗಳಲ್ಲಿ ಅರ್ಧದಷ್ಟು ಇದೊಂದರಿಂದಲೇ ಬಗೆಹರಿದವು. ಹಸ್ತಪ್ರತಿಯ ಜೊತೆಗೆ ಎರಡು ಪುಟದ ಕಥಾಸಾರ, ಪಾತ್ರಗಳ ಪಟ್ಟಿ, ಪದಗಳ ಅರ್ಥ, ಮತ್ತು ಓದುಗರಿಂದ ನಮಗೆ ಬೇಕಾದ ಉತ್ತರಗಳ ಐದಾರು ಪ್ರಶ್ನೆಗಳನ್ನು ಇಡಬೇಕೆಂದೂ ತೀರ್ಮಾನವಾಯಿತು. ನಾನು ಪ್ರಶ್ನೆಗಳನ್ನು ಇಡದೆ ಕಳಿಸಿದ ಮೊದಲ ಕಂತಿಗೆ ಯುವಕನಿಂದ ಬಂದದ್ದು “ಬಹಳ ಕುತೂಹಲಕರವಾಗಿದೆ” ಎಂಬ ಒಂದೇ ಮಾತು. ಅದನ್ನು ನಾನು ಹೊಗಳಿಕೆ ಎಂದುಕೊಂಡು ಎರಡು ದಿನ ಸಂತೋಷವಾಗಿದ್ದೆ. ಇಲ್ಲಿನವರು ಮನಸ್ಸಿಗೆ ಹಿಡಿಸದ ವಿಷಯವನ್ನು ದಾಕ್ಷಿಣ್ಯದಿಂದ ದಾಟಿಸುವಾಗಲೂ ಆ ಮಾತನ್ನು ಬಳಸುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ನೇರವಾದ ಪ್ರಶ್ನೆ ಕೇಳಿದರೆ ಮಾತ್ರ ಅವರು ನೇರವಾದ ಉತ್ತರ ಕೊಡುತ್ತಾರೆ.

ಶಿಕ್ಷಕಿಯ ಪತ್ರ ಬಂದದ್ದು ನವೆಂಬರಿನಲ್ಲಿ. ಮೂರು ವಾರದ ಗಡುವು ಮೀರಿ ಒಂಬತ್ತನೆಯ ವಾರ ನಡೆಯುತ್ತಿತ್ತು. ಆ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಕತ್ತಲೆ. ಕೆಲಸ ಮುಗಿಸಿ ಮನೆಗೆ ಬಂದು ಪೆಟ್ಟಿಗೆಯಲ್ಲಿ ಕಾಗದವಿದೆಯೇ ಎಂದು ತಡವಿ ನೋಡುವುದು ದಿನಚರಿಯೇ ಆಗಿಹೋಗಿತ್ತು. ಬಂದದ್ದು ಹದಿನಾಲ್ಕು ಪುಟ, ಎರಡೂ ಮಗ್ಗುಲಲ್ಲಿ ಸಣ್ಣ ಅಕ್ಷರ. ಜೊತೆಯಲ್ಲಿ ನನ್ನ ಹಸ್ತಪ್ರತಿಯೂ ಇತ್ತು, ಅದರ ಅಂಚಿನ ತುಂಬ ಪೆನ್ಸಿಲಿನ ಗೆರೆಗಳು. ಮೊದಲ ಎರಡು ಪುಟ ಓದಿ ಪತ್ರವನ್ನು ಮೇಜಿನ ಖಾನೆಗೆ ಹಾಕಿದೆ. ನಾಲ್ಕು ದಿನ ತೆಗೆಯಲಿಲ್ಲ. ಮನಸ್ಸಿಗೆ ಬಹಳ ನೋವಾಗಿತ್ತು. ಈ ದಾರಿಗೆ ಬರುವವರಿಗೆ ನಾನು ಹೇಳುವುದಿಷ್ಟೇ: ಆ ನಾಲ್ಕು ದಿನಗಳನ್ನು ತೆಗೆದುಕೊಳ್ಳಿ, ಆದರೆ ಆ ದಿನಗಳಲ್ಲಿ ಮಾರುತ್ತರ ಮಾತ್ರ ಬರೆಯಬೇಡಿ.

ಪತ್ರದ ಮೊದಲ ಆಕ್ಷೇಪ ನನ್ನ ಕಥೆಯ ಶವಸಂಸ್ಕಾರದ ಬಗ್ಗೆ ಇತ್ತು. ಮುದುಕಿಯ ಗಂಡ ಸತ್ತಾಗ ಅವನನ್ನು ದೋಣಿಯಲ್ಲಿಟ್ಟು ಸುಡುವ ದೃಶ್ಯವನ್ನು ನಾನು ಬಹಳ ಶ್ರಮಪಟ್ಟು ಬರೆದಿದ್ದೆ. ಅವರು ಕೇಳಿದ್ದು ಇಷ್ಟು: ಐಸ್‌ಲ್ಯಾಂಡಿನಲ್ಲಿ ಇದುವರೆಗೆ ಅಗೆದು ನೋಡಿರುವ ಕ್ರೈಸ್ತಪೂರ್ವ ಸಮಾಧಿಗಳಲ್ಲಿ ಹೆಣವನ್ನು ಹೂಳಿದ್ದಾರೆ, ಎಷ್ಟೋ ಕಡೆ ಪಕ್ಕದಲ್ಲೇ ಕುದುರೆಯನ್ನೂ ಹೂಳಿದ್ದಾರೆ, ಹಾಗಿರುವಾಗ ನಿನ್ನ ಚಿತೆ ಎಲ್ಲಿಂದ ಬಂತು? ನಾನು ಕುಳಿತು ಯೋಚಿಸಿದೆ. ಹಳೆಯ ಉಪ್ಸಾಲಾದ ದಿಬ್ಬಗಳ ಒಳಗೆ ಸಿಕ್ಕಿರುವುದು ಸುಟ್ಟ ಮೂಳೆಗಳು, ಏಕೆಂದರೆ ಇಲ್ಲಿನವರಲ್ಲಿ ಸುಡುವ ಪದ್ಧತಿ ಇತ್ತು. ನಾನಿದ್ದ ಊರಿನ ಆಚಾರವನ್ನು ಕಡಲಾಚೆಯ ಇನ್ನೊಂದು ನಾಡಿಗೆ, ನಾಲ್ಕು ಶತಮಾನ ಮುಂದಕ್ಕೆ ಒಯ್ದಿದ್ದೆ. ಅದಕ್ಕಿಂತ ಆಳದ ಕಾರಣ ಬೇರೆ ಇತ್ತು. ಸತ್ತವರನ್ನು ಸುಡುವುದು ನನಗೆ ಹುಟ್ಟಿನಿಂದ ಬಂದ ಸಹಜ ಸಂಗತಿ. ಅದನ್ನು ಪರೀಕ್ಷಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮರ ಕಡಿಮೆಯಿದ್ದ, ತೇಲಿ ಬಂದ ಮರವನ್ನೂ ಕಾನೂನಿನ ಲೆಕ್ಕದಲ್ಲಿ ಹಂಚಿಕೊಳ್ಳುತ್ತಿದ್ದ ನಾಡಿನಲ್ಲಿ ಒಬ್ಬ ಬಡ ರೈತನಿಗಾಗಿ ದೋಣಿಯೊಂದನ್ನು ಸುಡುವರೇ ಎಂಬ ಪ್ರಶ್ನೆಯನ್ನಾದರೂ ನಾನು ಕೇಳಿಕೊಳ್ಳಬೇಕಾಗಿತ್ತು.

ಅಲ್ಲಿಂದ ಮುಂದೆ ಆ ಪತ್ರವನ್ನು ಓದುವ ಕ್ರಮವೇ ಬದಲಾಯಿತು. ಪ್ರತಿ ಆಕ್ಷೇಪದ ಪಕ್ಕದಲ್ಲೂ, ಇದು ಪುಸ್ತಕ ಓದದೆ ಆದ ತಪ್ಪೇ, ಅಥವಾ ನನ್ನ ಮನೆ ಕಥೆಯೊಳಗೆ ನುಗ್ಗಿದ್ದರಿಂದ ಆದದ್ದೇ ಎಂದು ಗುರುತು ಹಾಕುತ್ತ ಹೋದೆ. ನನ್ನ ಮುದುಕಿ ಕಣಿ ಹೇಳುವ ಮೊದಲು ಉಪವಾಸವಿದ್ದಳು. ಕೆಂಪು ಎರಿಕ್‌ನ ಸಾಗಾ ಎಂಬ ಹಳೆಯ ಗದ್ಯಕಥೆಯಲ್ಲಿ ಗ್ರೀನ್‌ಲ್ಯಾಂಡಿನ ಥೋರ್ಬ್ಯೋರ್ಗ್ ಎಂಬ ವೋಲ್ವಾ, ಅಂದರೆ ಕಣಿ ಹೇಳುವವಳು, ಬರಗಾಲದಲ್ಲಿ ಒಂದು ಮನೆಗೆ ಬರುತ್ತಾಳೆ. ಅವಳಿಗೆ ಮೇಕೆಯ ಹಾಲಿನ ಗಂಜಿಯನ್ನೂ ಅಲ್ಲಿದ್ದ ಬಗೆಬಗೆಯ ಪ್ರಾಣಿಗಳ ಹೃದಯಗಳ ಅಡುಗೆಯನ್ನೂ ಬಡಿಸುತ್ತಾರೆ. ಅವಳು ತೊಟ್ಟದ್ದು ಬೆಕ್ಕಿನ ಚರ್ಮದ ಕೈಗವಸು, ಒಳಮೈಯಲ್ಲಿ ಬಿಳಿಯ ತುಪ್ಪಳ. ಊಟಕ್ಕೆ ಹಿತ್ತಾಳೆಯ ಚಮಚ, ತುದಿ ಮುರಿದ ಒಂದು ಚಾಕು. ಹದಿಮೂರನೆಯ ಶತಮಾನದ ಕ್ರೈಸ್ತ ಲೇಖಕನೊಬ್ಬ ಬರೆದ ವಿವರವಿದು, ಹಾಗೆಯೇ ನಂಬಬೇಕಾಗಿಲ್ಲ ಎಂದು ಶಿಕ್ಷಕಿಯೇ ಎಚ್ಚರಿಸಿದ್ದರು. ಆದರೆ ನನ್ನ ಉಪವಾಸಕ್ಕೆ ಅಷ್ಟು ಆಧಾರವೂ ಇರಲಿಲ್ಲ. ಅದು ನನ್ನ ಅಜ್ಜಿಯ ಏಕಾದಶಿಯಾಗಿತ್ತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮರದ ಅಧ್ಯಾಯಕ್ಕೆ. ಒಂಬತ್ತು ಲೋಕಗಳನ್ನು ಹಿಡಿದಿರುವ ಇಗ್‌ದ್ರಾಸಿಲ್ ಮರವನ್ನು ನಾನು ಗೀತೆಯ ಅವ್ಯಯ ಅಶ್ವತ್ಥದ ಹಾಗೆ, ಎಂದೂ ಅಳಿಯದ ಮರವೆಂಬಂತೆ ವರ್ಣಿಸಿದ್ದೆ. ಅಂಚಿನಲ್ಲಿ ಅವರು ಬರೆದದ್ದು: “ನಿನ್ನ ಮರಕ್ಕೆ ಸಾವಿಲ್ಲ. ನಮ್ಮ ಮರ ಕೊಳೆಯುತ್ತಿದೆ.” ಹಳೆಯ ಪದ್ಯಗಳಲ್ಲಿ ಆ ಮರದ ಮೇಲುಭಾಗವನ್ನು ಜಿಂಕೆ ಮೇಯುತ್ತದೆ, ಪಕ್ಕ ಕೊಳೆಯುತ್ತದೆ, ಬುಡವನ್ನು ನೀದ್‌ಹೊಗ್ ಎಂಬ ಸರ್ಪ ಕಡಿಯುತ್ತದೆ. ಸ್ನೊರ್ರಿ ಹೇಳುವಂತೆ ನೋರ್ನರೆಂಬ ವಿಧಿದೇವತೆಗಳು ದಿನವೂ ತಮ್ಮಲ್ಲೊಬ್ಬಳಾದ ಉರ್ದ್‌ಳ ಬಾವಿಯ ನೀರನ್ನು, ಅದರ ಸುತ್ತಲಿನ ಕೆಸರಿನ ಸಮೇತ ಆ ಮರದ ಮೇಲೆ ಸುರಿಯುತ್ತಾರೆ, ಕೊಂಬೆಗಳು ಕೊಳೆಯದಿರಲೆಂದು. ಬಿಂದಿಗೆಯಲ್ಲಿ ಕೆಸರುನೀರು ಹೊತ್ತು ತಂದು ಸಾಯುತ್ತಿರುವ ಮರಕ್ಕೆ ಹೊಯ್ಯುವ ಮೂವರು ಹೆಂಗಸರ ಚಿತ್ರ ಮನಸ್ಸಿನಲ್ಲಿ ಕೂತ ಮೇಲೆ ನನ್ನ ಇಡೀ ಕಾದಂಬರಿಯ ಮುದುಕಿ ಬೇರೆಯವಳೇ ಆದಳು. ಆ ದೇವರುಗಳಿಗೆ ತಾವು ಸಾಯುತ್ತೇವೆಂದು ಗೊತ್ತಿದೆ. ಮುಪ್ಪನ್ನು ತಡೆಯಲು ಇದುನ್ ಎಂಬ ದೇವತೆಯ ಸೇಬು ತಿನ್ನುತ್ತಾರೆ, ಅಮೃತ ಕುಡಿದವರಂತೆ ಅಮರರಾಗಿಲ್ಲ. ಅಳಿಯುವುದೆಂದು ಗೊತ್ತಿದ್ದೂ ದಿನದ ಕೆಲಸ ಬಿಡದವಳು ನನ್ನ ಮುದುಕಿಯಾಗಬೇಕು ಎಂದು ಅವತ್ತು ತೀರ್ಮಾನಿಸಿದೆ. ಆ ಅಧ್ಯಾಯವನ್ನು ಮೊದಲ ಸಾಲಿನಿಂದ ಮತ್ತೆ ಬರೆದೆ.

ಹಾಗೆಂದು ಮನೆಯಿಂದ ಬಂದದ್ದನ್ನೆಲ್ಲ ಹೊರಗೆ ಹಾಕಬೇಕಾಗಿಲ್ಲ ಎಂಬುದು ತಿಳಿದದ್ದೂ ಅದೇ ಹಸ್ತಪ್ರತಿಯ ಹನ್ನೊಂದನೆಯ ಪುಟದಲ್ಲಿ. ಹುಲ್ಲುಹೆಂಟೆಯ ಗೋಡೆಯ ಉದ್ದನೆಯ ಮನೆಯಲ್ಲಿ ನಡುವೆ ಬೆಂಕಿ ಉರಿಯುತ್ತಿರುವಂತೆ ಬರೆದಿದ್ದೆ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ: “ಹೊಗೆ ಎಲ್ಲಿಗೆ ಹೋಯಿತು?” ನನ್ನ ಮನೆಯಲ್ಲಿ ಹೊಗೆಯೇ ಇರಲಿಲ್ಲ, ಏಕೆಂದರೆ ಆ ಮನೆಯನ್ನು ನಾನು ವಸ್ತುಸಂಗ್ರಹಾಲಯದ ಚಿತ್ರಗಳಿಂದ ತೆಗೆದುಕೊಂಡಿದ್ದೆ. ಹೊಗೆ ನನಗೆ ಗೊತ್ತಿಲ್ಲದ್ದೇನಲ್ಲ. ಅಜ್ಜಿಯ ಅಡುಗೆಮನೆಯ ಅಟ್ಟದಿಂದ ಇಲ್ಲಣ ಜೋತಾಡುತ್ತಿತ್ತು. ಮಳೆಗಾಲದಲ್ಲಿ ಹಸಿ ಸೌದೆಯ ಹೊಗೆ ಎದೆಯ ಮಟ್ಟಕ್ಕೆ ಇಳಿದು ನಿಂತಾಗ ಮಕ್ಕಳೆಲ್ಲ ನೆಲಕ್ಕೆ ಹತ್ತಿರವಾಗಿ ಕೂರುತ್ತಿದ್ದೆವು. ಅಜ್ಜಿ ಊದುಗೊಳವೆ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇದನ್ನು ಶಿಕ್ಷಕಿಗೆ ಹೇಳಿದಾಗ ಅವರು, ಐಸ್‌ಲ್ಯಾಂಡಿನಲ್ಲಿ ಈಗಲೂ ಒಣಗಿದ ಕುರಿಗೊಬ್ಬರದ ಹೊಗೆಯಲ್ಲಿ ಮಾಂಸ ಹದ ಮಾಡುತ್ತಾರೆ ಎಂದರು. ನಾನು ಬೆರಣಿಯ ಹೊಗೆಯ ವಾಸನೆಯನ್ನು ವಿವರಿಸಿದೆ. “ಅದನ್ನು ಬರೆ” ಎಂದರು. ಮೂರನೆಯ ಕರಡಿನಲ್ಲಿ ಆ ಮನೆಯ ಮಕ್ಕಳು ನೆಲಕ್ಕೆ ಹತ್ತಿರ ಕೂರುತ್ತಾರೆ.

ಪಡೆದಷ್ಟೇ ಕೊಡಲೂಬೇಕು, ಕೊಡುವುದು ಇನ್ನೂ ಕಷ್ಟ. ಯುವಕನ ಕಾದಂಬರಿ ಎಲ್ಲವೂ ಸುಟ್ಟು ಸಮುದ್ರದ ಪಾಲಾಗುವಲ್ಲಿಗೆ ಮುಗಿಯುತ್ತಿತ್ತು. ಕಣಿ ಹೇಳುವವಳ ಬಾಯಲ್ಲೇ ಬರುವ ವೋಲುಸ್ಪಾ ಪದ್ಯದಲ್ಲಿ ಮುಳುಗಿದ ಭೂಮಿ ಮತ್ತೆ ಹಸಿರಾಗಿ ಮೇಲೇಳುತ್ತದೆ, ಉಳಿದ ದೇವರುಗಳಿಗೆ ಹಿಂದೆ ತಾವು ಆಡಿದ್ದ ಚಿನ್ನದ ಕಾಯಿಗಳು ಹುಲ್ಲಿನಲ್ಲಿ ಸಿಗುತ್ತವೆ. ಆ ಕಾಯಿಗಳನ್ನು ಅವನು ಏಕೆ ಬಿಟ್ಟನೆಂದು ಕೇಳಿ ಎರಡು ಪುಟ ಬರೆದೆ. ಯುಗಚಕ್ರದ ಕಲ್ಪನೆಯಲ್ಲಿ ಬೆಳೆದ ನನಗೆ ಆ ಚಿತ್ರ ಕೂಡಲೇ ಹಿಡಿಸಿತ್ತು, ಮತ್ತು ಪತ್ರದಲ್ಲಿ ಇದು ಮರಳಿ ಮರಳಿ ನಡೆಯುವ ಚಕ್ರವೆಂದೇ ಬರೆದುಬಿಟ್ಟಿದ್ದೆ. ಪದ್ಯ ಹಾಗೆ ಹೇಳುವುದಿಲ್ಲ, ಒಮ್ಮೆ ಮೇಲೆದ್ದದ್ದನ್ನು ಮಾತ್ರ ಹೇಳುತ್ತದೆ, ಕ್ರೈಸ್ತ ಪ್ರಭಾವವೂ ಇರಬಹುದೆಂದು ವಿದ್ವಾಂಸರು ವಾದಿಸುತ್ತಾರೆ ಎಂದು ಶಿಕ್ಷಕಿ ತಿದ್ದಿದರು. ನಾನು ಅವನಿಗೆ ಇನ್ನೊಂದು ಪತ್ರ ಬರೆದು ಮೊದಲಿನ ಮಾತನ್ನು ಹಿಂತೆಗೆದುಕೊಂಡೆ. ಅಭಿಪ್ರಾಯ ಕೊಡುವಾಗಲೂ ನಮ್ಮ ಮನೆ ಅವರ ಕಥೆಯೊಳಗೆ ನುಗ್ಗುತ್ತದೆ ಎಂಬುದನ್ನು ನೆನಪಿಡಿ.

ಟ್ರೊಮ್ಸೋದ ಎಂಜಿನಿಯರರ ಹಸ್ತಪ್ರತಿಯಲ್ಲಿ, ಈ ನಾಡುಗಳ ಉತ್ತರ ಭಾಗದ ಮೂಲನಿವಾಸಿಗಳಾದ ಸಾಮಿ ಜನರ ಮಾಂತ್ರಿಕನೊಬ್ಬ ಬರುತ್ತಿದ್ದ. ಹಳೆಯ ಸಾಗಾಗಳಲ್ಲಿಯೂ ಸಾಮಿಗಳು ಮಾಟಗಾರರಾಗಿ ಬರುತ್ತಾರೆ. ಆದರೆ ಸಾಮಿಗಳು ಇಂದಿಗೂ ಅದೇ ನೆಲದಲ್ಲಿ ಬದುಕಿರುವ ಜನ. ಅವರ ಡೋಲುಗಳನ್ನು ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಕಿತ್ತುಕೊಂಡು, ಬಾರಿಸಿದವರನ್ನು ವಿಚಾರಣೆಗೆ ಎಳೆದರು. 1692ರಲ್ಲಿ ಉತ್ತರ ನಾರ್ವೆಯಲ್ಲಿ ವಿಚಾರಣೆಗೊಳಗಾದ ಆಂಡರ್ಸ್ ಪೌಲ್ಸನ್ ಅವರ ಡೋಲಿನ ಒಡೆತನ ಕಾರಶೋಕ್‌ನ ಸಾಮಿ ವಸ್ತುಸಂಗ್ರಹಾಲಯಕ್ಕೆ ಸಿಕ್ಕಿದ್ದು 2022ರಲ್ಲಿ. ಈ ವಿಷಯದಲ್ಲಿ ನಮ್ಮ ಮೂವರ ಅಭಿಪ್ರಾಯಕ್ಕೆ ಬೆಲೆಯಿಲ್ಲ, ಸಾಮಿ ಓದುಗರೊಬ್ಬರನ್ನು ಹುಡುಕಿ, ಅವರ ಸಮಯಕ್ಕೆ ಹಣ ಕೊಟ್ಟು ಓದಿಸಿ ಎಂದು ಮೂವರೂ ಒಂದೇ ಮಾತು ಬರೆದೆವು. ಎಂಜಿನಿಯರರಿಗೆ ಬೇಸರವಾಯಿತು. ಐದು ವಾರ ಉತ್ತರ ಬರಲಿಲ್ಲ. ಅದು ಸೂರ್ಯನೇ ಕಾಣದ ಅಲ್ಲಿನ ಚಳಿಗಾಲದ ನಡುವಿನ ಸಮಯ. ಗುಂಪು ಮುರಿದೇ ಹೋಯಿತೆಂದು ನಾನು ಹೆದರಿದ್ದೆ. ಫೆಬ್ರವರಿಯಲ್ಲಿ ಅವರು ಓದುಗರು ಸಿಕ್ಕಿದ್ದಾರೆಂದು ಬರೆದರು.

ನಾನು ಎಣಿಸಿಯೇ ಇರದ ತೊಡಕು ರೂನ್ ಅಕ್ಷರಗಳಿಂದ ಬಂತು. ಅಧ್ಯಾಯಗಳ ತಲೆಗೆ ನಾನು ಒಂದೊಂದು ರೂನ್ ಇಟ್ಟಿದ್ದೆ. ಅವು ಹಳೆಯ ಇಪ್ಪತ್ತನಾಲ್ಕು ಅಕ್ಷರಗಳ ಮಾಲೆಯವು. ನನ್ನ ಕಥೆಯ ಕಾಲಕ್ಕೆ ಬಳಕೆಯಲ್ಲಿದ್ದದ್ದು ಹದಿನಾರು ಅಕ್ಷರಗಳ ಮಾಲೆ. ನಾನು ದಿನವೂ ಹಾದುಹೋಗುತ್ತಿದ್ದ ಕಲ್ಲುಗಳ ಮೇಲೂ ಇದ್ದದ್ದು ಆ ಹದಿನಾರೇ. ಇನ್ನೂ ಗಂಭೀರವಾದದ್ದು, ಮುಖಪುಟಕ್ಕೆಂದು ಆರಿಸಿದ್ದ ಓಥಲಾ ರೂನ್. ಅದನ್ನು ಕಂಡ ಕೂಡಲೇ ಯುವಕ ಮೊದಲ ಬಾರಿಗೆ ದಾಕ್ಷಿಣ್ಯ ಬಿಟ್ಟು ಮಾತಾಡಿದ. ನಾಝಿಗಳೂ ಅವರ ನಂತರದ ಗುಂಪುಗಳೂ ಕೆಲವು ರೂನ್‌ಗಳನ್ನು ತಮ್ಮ ಗುರುತಾಗಿಸಿಕೊಂಡಿವೆ, ಇದೂ ಅವುಗಳಲ್ಲೊಂದು. ಇಲ್ಲಿ ಯಾರಾದರೂ ಅಂಗಡಿಯಲ್ಲಿ ಈ ಪುಸ್ತಕ ನೋಡಿದರೆ ಮೊದಲು ಹೆದರುತ್ತಾರೆ ಎಂದ. ನಮ್ಮ ಸ್ವಸ್ತಿಕಕ್ಕೆ ಒದಗಿದ ಗತಿ ನನಗೆ ಗೊತ್ತಿತ್ತು, ಆದ್ದರಿಂದ ವಾದಿಸಲಿಲ್ಲ. ಹಚ್ಚೆಗಳಲ್ಲಿ ಹೆಚ್ಚಾಗಿ ಕಾಣುವ ವೇಗ್‌ವೀಸಿರ್ ಎಂಬ ದಿಕ್ಸೂಚಿ ಚಿಹ್ನೆಯನ್ನೂ ವೈಕಿಂಗ್ ಕಾಲದ್ದೆಂದು ಬಳಸಬೇಡಿ. ಅದು ದೊರೆತಿರುವುದು ಹತ್ತೊಂಬತ್ತನೆಯ ಶತಮಾನದ ಐಸ್‌ಲ್ಯಾಂಡಿನ ಹಸ್ತಪ್ರತಿಯಲ್ಲಿ.

ಕನ್ನಡ ಪ್ರತಿಯನ್ನು ಓದಿದವಳು ಮೈಸೂರಿನ ನನ್ನ ಅಕ್ಕ. ಅವಳಿಗೆ ಎಡ್ಡಾ ಗೊತ್ತಿಲ್ಲ, ಆದರೆ ಕನ್ನಡ ಗೊತ್ತು. ಹೆಲ್ ಎಂಬ ಲೋಕವನ್ನು ನಾನು ನರಕವೆಂದು ಬರೆದದ್ದನ್ನು ಹಿಡಿದು, “ಒಳ್ಳೆಯವನಾದ ಬಾಲ್ಡರ್ ದೇವರೇ ಅಲ್ಲಿಗೆ ಹೋಗುತ್ತಾನಲ್ಲೇ, ಅದು ನರಕ ಹೇಗಾಗುತ್ತದೆ?” ಎಂದು ದೂರವಾಣಿಯಲ್ಲಿ ಕೇಳಿದಳು. ರೋಗದಿಂದ, ಮುಪ್ಪಿನಿಂದ ಸತ್ತವರು ಹೋಗುವ ಜಾಗ ಅದು. ಈಗ ಹೆಲ್ ಎಂದೇ ಉಳಿಸಿದ್ದೇನೆ. ಪದ್ಯಗಳಲ್ಲಿ ಅವಳ ನೆರವು ಇನ್ನೂ ದೊಡ್ಡದು. ಎಡ್ಡಾದ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡು ಅರ್ಧಗಳನ್ನು ಒತ್ತಿನ ಪದಗಳ ಆರಂಭದ ಧ್ವನಿ ಕಟ್ಟಿಹಿಡಿಯುತ್ತದೆ. ಶಿಕ್ಷಕಿ ಗಟ್ಟಿಯಾಗಿ ಓದಿದ್ದನ್ನು ಧ್ವನಿಮುದ್ರಿಸಿ ಕಳಿಸಿದಾಗ ಅಕ್ಕ, ನಮ್ಮ ಎರಡನೆಯ ಅಕ್ಷರದ ಪ್ರಾಸ ಸಾಲಿನಿಂದ ಸಾಲಿಗೆ ಮಾಡುವ ಕೆಲಸವನ್ನು ಇದು ಸಾಲಿನೊಳಗೇ ಮಾಡುತ್ತಿದೆ ಎಂದಳು. ಆದಿಪ್ರಾಸವನ್ನು ಬಲವಂತವಾಗಿ ತುರುಕಿದ್ದ ನನ್ನ ಅನುವಾದಗಳನ್ನು ಆಮೇಲೆ ಬಿಟ್ಟು, ಸಾಲಿನ ಒಳಗೇ ಧ್ವನಿ ಮರಳುವಂತೆ ಮತ್ತೆ ಮಾಡಿದೆ. ಚಿನ್ನವನ್ನು “ಫ್ರೇಯಾಳ ಕಣ್ಣೀರು” ಎನ್ನುವಂಥ ಒಗಟಿನ ಪದಗಳಿಗೆ ನಾನು ಬರೆದಿದ್ದ ವಿವರಣೆಗಳನ್ನು ಅವಳೇ ಹೊಡೆದು ಹಾಕಿದಳು. ಕಥೆಯೊಳಗೇ ಒಮ್ಮೆ ಬಂದರೆ ಸಾಕು, ಕನ್ನಡದವರಿಗೆ ಗೊತ್ತಾಗುತ್ತದೆ ಎಂಬುದು ಅವಳ ಮಾತು.

ಲೆಕ್ಕ ಕೇಳುವವರಿಗೆ: ವೃತ್ತಿಪರ ಓದುಗರಿಗೆ ಆರು ಸಾವಿರ, ಮುದ್ರಣ ಮತ್ತು ನಾರ್ವೆಗೆ ಅಂಚೆ ಸೇರಿ ಸುಮಾರು ಎರಡು ಸಾವಿರದ ಇನ್ನೂರು, ಪುಸ್ತಕಗಳಿಗೆ ಒಂದೂವರೆ ಸಾವಿರ ಕ್ರೋನಾ ಖರ್ಚಾಯಿತು. ಭೇಟಿಗಳು ಸಾರ್ವಜನಿಕ ಗ್ರಂಥಾಲಯದಲ್ಲಿ ನಡೆದುದರಿಂದ ಜಾಗಕ್ಕೆ ಹಣ ಬೇಕಾಗಲಿಲ್ಲ. ಗಡುವುಗಳನ್ನು ಜುಲೈ ತಿಂಗಳಿಗೆ ಎಳೆಯಬೇಡಿ. ಆಗ ಇಲ್ಲಿ ಎಲ್ಲರೂ ರಜೆಯ ಮೇಲೆ ಹೋಗುತ್ತಾರೆ, ಆಗಸ್ಟಿನ ನಡುವಿನವರೆಗೆ ಯಾರಿಂದಲೂ ಉತ್ತರ ನಿರೀಕ್ಷಿಸಬಾರದು. ನಾವು ಜೂನ್ ಕೊನೆಗೆ ಮುಗಿಸಿದ್ದು ಅದಕ್ಕಾಗಿಯೇ.

ಕೊನೆಯ ಭೇಟಿಯ ದಿನ ನಾವು ಮೂವರೂ ಬಸ್ಸು ಹಿಡಿದು ಹಳೆಯ ಉಪ್ಸಾಲಾಕ್ಕೆ ಹೋದೆವು. ದಿಬ್ಬದ ಬುಡದ ಹುಲ್ಲಿನಲ್ಲಿ ಕುಳಿತು ಶಿಕ್ಷಕಿ ನನ್ನ ಕೊನೆಯ ಅಧ್ಯಾಯವನ್ನು ಓದಿದರು. ಮುದುಕಿಯ ಗಂಡನನ್ನು ಈಗ ಹೂಳುತ್ತಾರೆ, ಕುದುರೆಯನ್ನೂ. ಓದಿ ಮುಗಿಸಿ ಅವರು ಕೇಳಿದ್ದು ಕುದುರೆಯ ಬಣ್ಣ ಯಾವುದು ಎಂದು. ನಾನು ಬರೆದಿರಲಿಲ್ಲ. ಚೀಲದಿಂದ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು.